ಶಾಲೆಯಲ್ಲಿ ಮಕ್ಕಳ ಜೊತೆ ಸಾವಯವ ತರಕಾರಿ ತೋಟ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಪ್ರಾಥಮಿಕ ಶಾಲೆಗಳ ಟೀಚರ್‌ಗಳು, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಪೋಷಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೈತೋಟದ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಹೆಚ್ಚಿನದ್ದು ಬೆಂಗಳೂರಿನ ಟೆರೇಸಿಗೆ ಹೇಳಿದ್ದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ನಮ್ಮ ಊರಿಗೆ ಅದು ಹೊಂದುವುದಿಲ್ಲ. ಇಲ್ಲಿ ಶಾಲಾ ತೋಟ ಕೆಡುವುದು ಗೊಬ್ಬರ ಕಡಿಮೆಯಾಗಿ ಅಲ್ಲ, ಸಮಯ ತಪ್ಪಿ.

ಎಷ್ಟು ಜಾಗ ಬೇಕು?

ಅರ್ಧ ಸೆಂಟ್ಸ್ ಸಾಕು. ಅಂದರೆ ಸುಮಾರು 200 ಚದರ ಅಡಿ. ನಮ್ಮ ಕಡೆ ಸುಮಾರು ಸರ್ಕಾರಿ ಶಾಲೆಗಳಿಗೆ ಜಾಗ ಧಾರಾಳ ಉಂಟು, ತೊಂದರೆ ಶುರುವಾಗುವುದೇ ಅಲ್ಲಿ. ಉತ್ಸಾಹದಲ್ಲಿ ಜೆಸಿಬಿ ತರಿಸಿ ಹತ್ತು ಸೆಂಟ್ಸ್ ಅಗೆಸುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಜುಲೈ ಮುಗಿಯುವಾಗ ಕಳೆ ಮಕ್ಕಳ ಸೊಂಟದವರೆಗೆ ಬಂದಿರುತ್ತದೆ, ಆಮೇಲೆ ಆ ಕಡೆ ಯಾರೂ ತಲೆ ಹಾಕುವುದಿಲ್ಲ.

ಎಂಟಡಿ ಉದ್ದದ ಐದು ಮಡಿ ಮಾಡಿ. ಅಗಲ ಮೂರಡಿ ಮೀರಬಾರದು. ಎರಡನೇ ಕ್ಲಾಸಿನ ಮಗು ಬದಿಯಲ್ಲಿ ಕೂತು ಕೈ ಚಾಚಿದರೆ ಮಡಿಯ ನಡುವಿನವರೆಗೆ ಮುಟ್ಟಬೇಕು, ಇಲ್ಲದಿದ್ದರೆ ಅದು ಮಡಿಯ ಮೇಲೆಯೇ ಕಾಲಿಡುತ್ತದೆ. ಒಂದೊಂದು ಕ್ಲಾಸಿಗೆ ಒಂದೊಂದು ಮಡಿ ಕೊಟ್ಟರೆ "ನಮ್ಮ ಮಡಿ" ಅನ್ನುವ ಹಟವೂ ಬರುತ್ತದೆ.

ಜಾಗ ಆರಿಸುವಾಗ ಎರಡು ವಿಷಯ ನೋಡಿ. ತೆಂಗಿನ ಮರದ ಬುಡ ಬೇಡ, ನೀವು ಹಾಕಿದ ಗೊಬ್ಬರವನ್ನೆಲ್ಲ ಅದರ ಬೇರೇ ತಿಂದು ಹಾಕುತ್ತದೆ. ಇನ್ನು ಕಟ್ಟಡದ ಉತ್ತರ ಬದಿ ಜೂನ್‌ನಲ್ಲಿ ನೋಡುವಾಗ ಒಳ್ಳೆ ಬೆಳಕಾಗಿ ಕಾಣುತ್ತದೆ, ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದೇ ಜಾಗ ನೆರಳಾಗುತ್ತದೆ. ತರಕಾರಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು.

ನಮ್ಮ ಶಾಲೆ ಮುರಕಲ್ಲಿನ ಗುಡ್ಡೆ ಮೇಲೆ ಉಂಟು. ಪಿಕ್ಕಾಸು ಹಾಕಿದರೂ ಇಳಿಯುವುದಿಲ್ಲ. ಏನು ಮಾಡುವುದು?

ಅಗೆಯಲೇಬೇಡಿ. ಮೇಲೆ ಕಟ್ಟಿ. ಮುರಕಲ್ಲಿನ ತುಂಡುಗಳನ್ನೇ ಸುತ್ತ ಇಟ್ಟು ಒಂದಡಿ ಎತ್ತರದ ಕಟ್ಟೆ ಮಾಡಿ, ಒಳಗೆ ತುಂಬಿಸಿ. ಅಡಿಗೆ ತೆಂಗಿನ ಸಿಪ್ಪೆ, ಅದರ ಮೇಲೆ ತರಗೆಲೆ ಮತ್ತು ಹಸಿರು ಸೊಪ್ಪು, ಮೇಲಿನ ಅರ್ಧ ಅಡಿ ಮಣ್ಣು ಮತ್ತು ಹುಡಿಯಾದ ಹಟ್ಟಿಗೊಬ್ಬರ. ಮೊದಲ ಮಳೆಗೆ ಇದೆಲ್ಲ ಕುಸಿದು ಮುಕ್ಕಾಲು ಅಡಿ ಆಗುತ್ತದೆ, ಗಾಬರಿ ಬೇಡ.

ಇನ್ನೊಂದು ಸಂಗತಿ. ಇಷ್ಟು ಮಳೆ ಬೀಳುವ ಕಡೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಗೊಬ್ಬರ ಎಷ್ಟು ಸುರಿದರೂ ಗಿಡ ಹಳದಿಯಾಗಿ ಅಲ್ಲೇ ಕೂತಿದ್ದರೆ ಇದೇ ಕಾರಣ ಇರಬಹುದು. ಬಿತ್ತುವುದಕ್ಕೆ ಎರಡು ಮೂರು ವಾರ ಮೊದಲು ಮಡಿಗೆ ಕೃಷಿ ಸುಣ್ಣ ಸ್ವಲ್ಪ ಸೇರಿಸಿ. ಒಲೆಯ ಬೂದಿಯೂ ಆಗುತ್ತದೆ, ಕಟ್ಟಿಗೆಯದ್ದಾಗಿರಬೇಕು, ಕಸ ಸುಟ್ಟದ್ದಲ್ಲ. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ಅದು ದೊಡ್ಡವರ ಕೆಲಸ. ನಮ್ಮ ಹಳಬರು ತರಕಾರಿಗೆ ಸುಡುಮಣ್ಣು (ಸೊಪ್ಪು ತರಗೆಲೆ ಜೊತೆ ಸುಟ್ಟ ಮಣ್ಣು) ಹಾಕುತ್ತಿದ್ದರು, ಒಳ್ಳೆಯದೇ, ಆದರೆ ಶಾಲೆಯ ಅಂಗಳದಲ್ಲಿ ಹೊಗೆ ಹಾಕಿ ಮಾಡುವುದು ಬೇಡ. ಯಾರದ್ದಾದರೂ ಮನೆಯಲ್ಲಿ ಮಾಡಿದ್ದಿದ್ದರೆ ಎರಡು ಬುಟ್ಟಿ ತರಿಸಿಕೊಳ್ಳಿ.

ಯಾವಾಗ ಶುರು ಮಾಡುವುದು? ಪರಿಸರ ದಿನದಂದು ಗಿಡ ನೆಡುತ್ತೇವಲ್ಲ, ಅವತ್ತೇ ಆಗುವುದಿಲ್ವಾ?

ಜೂನ್ 5ಕ್ಕೆ ಫೋಟೋ ತೆಗೆಯಬಹುದು. ಆದರೆ ಅವತ್ತು ಮಡಿ ಮಾಡಲು ಹೊರಟರೆ ತಡವಾಯಿತು.

ನಮ್ಮಲ್ಲಿ ಪತ್ತನಾಜೆ ಅಂತ ಉಂಟಲ್ಲ, ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು ಬರುವುದು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ನೇಮಕೋಲ ನಿಲ್ಲುವ ದಿನ. ಮಳೆಗಾಲದ ತರಕಾರಿ ಬೀಜ ಹಾಕುವ ಹೊತ್ತೂ ಅದೇ. ಅಜ್ಜಿಯಂದಿರು ಸುಮ್ನೆ ಹೇಳಿದ್ದಲ್ಲ. ಮುಂಗಾರಿನ ಜೋರು ಮಳೆ ಹಿಡಿಯುವ ಮೊದಲು ಗಿಡಕ್ಕೆ ನಾಲ್ಕು ಎಲೆ ಬಂದು ಬೇರು ಕಚ್ಚಿಕೊಂಡಿರಬೇಕು. ಜೂನ್ ಮಧ್ಯದಲ್ಲಿ ಹಾಕಿದ ಬೆಂಡೆ ಬೀಜ ಒಂದೋ ಕೊಳೆಯುತ್ತದೆ, ಇಲ್ಲದಿದ್ದರೆ ಮೊಳಕೆ ಮಣ್ಣಿನ ಜೊತೆ ಚರಂಡಿಗೆ ಹೋಗುತ್ತದೆ.

ತೊಡಕು ಏನೆಂದರೆ ಪತ್ತನಾಜೆಗೆ ಶಾಲೆಗೆ ರಜೆ. ಹಾಗಾಗಿ ಮಡಿ ಕಟ್ಟಿ ಗೊಬ್ಬರ ತುಂಬಿಸುವ ಕೆಲಸವನ್ನು ಮೇ ತಿಂಗಳಲ್ಲಿ ಪೋಷಕರು, ಹಳೆ ವಿದ್ಯಾರ್ಥಿಗಳು ಒಂದು ಭಾನುವಾರ ಸೇರಿ ಮುಗಿಸಬೇಕು. ಹೀರೆ, ಮುಳ್ಳುಸೌತೆ, ಹಾಗಲ ಬೀಜಗಳನ್ನು ಹತ್ತಿರದ ಮನೆಯ ನಾಲ್ಕು ಮಕ್ಕಳು ತೆಂಗಿನ ಗೆರಟೆಯಲ್ಲೋ ಹಾಲಿನ ತೊಟ್ಟೆಯಲ್ಲೋ ಮನೆ ಜಗಲಿಯಲ್ಲೇ ಹಾಕಿಕೊಳ್ಳಲಿ. ಶಾಲೆ ಶುರುವಾದ ದಿನ ಅವರು ಗಿಡ ಹಿಡಿದುಕೊಂಡು ಬರುತ್ತಾರೆ, ಇಡೀ ಕ್ಲಾಸ್ ಸೇರಿ ನೆಡುತ್ತದೆ. ಗೆರಟೆಯ ಕಣ್ಣು ತೂತು ಮಾಡಲು ಮರೆಯಬೇಡಿ.

ಹೀಗೆ ಮಾಡಿದರೆ ಜುಲೈ ಎರಡನೇ ವಾರದಿಂದ ಕೊಯ್ಲು. ದಸರಾ ರಜೆ ಬರುವಾಗ ಮೊದಲ ಬೆಳೆ ಮುಗಿದಿರುತ್ತದೆ. ಎರಡನೆಯದು ದಸರಾ ಮುಗಿದು ಮಕ್ಕಳು ವಾಪಸ್ ಬಂದ ಮೇಲೆ, ಅದು ಮಾರ್ಚ್ ಪರೀಕ್ಷೆಗೆ ಮುಗಿಯಬೇಕು. ಇಷ್ಟೇ ಲೆಕ್ಕ. ರಜೆಯ ಮಧ್ಯೆ ಕಾಯಿ ಬಿಡುವ ಹಾಗೆ ಯಾವುದನ್ನೂ ಹಾಕಬೇಡಿ, ಮಕ್ಕಳು ನೀರು ಹಾಕಿದ್ದನ್ನು ದಾರಿಯಲ್ಲಿ ಹೋಗುವವರು ತಿನ್ನುವಂತಾಗುತ್ತದೆ.

ಮಳೆಗಾಲದಲ್ಲಿ ಏನೇನು ಬೆಳೆಯಬಹುದು?

ಬೆಂಡೆ, ಅಲಸಂಡೆ, ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ. ಬೆಂಡೆ ಮೊದಲ ವರ್ಷಕ್ಕೆ ಅತ್ಯಂತ ನಂಬಿಕಸ್ಥ ಗಿಡ. ಬೀಜ ದೊಡ್ಡದು, ಮಕ್ಕಳ ಬೆರಳಿಗೆ ಸಿಗುತ್ತದೆ. ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿದರೆ ವಾರದೊಳಗೆ ಮೊಳಕೆ, 45ರಿಂದ 50 ದಿನಕ್ಕೆ ಕಾಯಿ. ಒಂದೂವರೆ ಅಡಿಗೊಂದು ಗಿಡ ಸಾಕು, ಹತ್ತಿರ ಹತ್ತಿರ ಹಾಕಿದರೆ ಮಳೆಗೆ ಗಾಳಿಯಾಡದೆ ಎಲೆ ಕೊಳೆಯುತ್ತದೆ.

ಬೆಂಡೆ ಕೊಯ್ಯಲು ಮಕ್ಕಳಿಗೆ ಕತ್ತಿ ಬೇಡ. ಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಬಗ್ಗಿಸಲಿಕ್ಕೆ ಹೇಳಿ. ಟಕ್ ಅಂತ ಮುರಿದರೆ ಎಳತು, ಅಡುಗೆಗೆ. ಬಗ್ಗಿ ನಾರು ಎಳೆದುಕೊಂಡರೆ ಬಲಿತಿದೆ, ಬೀಜಕ್ಕೆ ಬಿಡಿ. ಒಂದು ಮಗು ಎಲ್ಲ ಕಾಯಿಯ ತುದಿಯನ್ನೂ ಪರೀಕ್ಷೆ ಮಾಡುತ್ತಾ ಹೋಗುತ್ತದೆ, ಅದನ್ನು ತಡೆಯುವ ಉಪಾಯ ಮಾತ್ರ ಯಾರಿಗೂ ಗೊತ್ತಿಲ್ಲ.

ಬಳ್ಳಿಗಳಿಗೆ ಚಪ್ಪರ ಬೇಕು. ಅಡಿಕೆ ಸಲಾಕೆ, ಬಿದಿರು, ಹಳೆ ಮೀನಿನ ಬಲೆ, ಇಷ್ಟಿದ್ದರೆ ಆಯಿತು. ಮಲ್ಪೆ ಕಡೆ ಹರಿದ ಬಲೆ ಕೇಳಿದರೆ ಕೊಡುತ್ತಾರೆ. ಚಪ್ಪರದ ಎತ್ತರ ಟೀಚರ್ ತಲೆಯ ಅಳತೆಗೆ ಬೇಡ, ಐದನೇ ಕ್ಲಾಸಿನ ಮಗುವಿನ ಕೈಗೆ ಎಟಕುವ ಹಾಗಿರಲಿ.

ಸೊಪ್ಪಿನ ವಿಷಯ ಸ್ವಲ್ಪ ಬೇರೆ. ಹರಿವೆಯನ್ನು ಜುಲೈ ಮಳೆಗೆ ಒಡ್ಡಬೇಡಿ, ಎಳೆ ಗಿಡ ಮಣ್ಣಿಗೆ ಅಂಟಿ ಹೋಗುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕೆಸು ಉಂಟು, ಬೇಲಿ ಬದಿ ತಿಮರೆ (ಒಂದೆಲಗ) ಉಂಟು, ಮೈದಾನದ ಅಂಚಿನಲ್ಲಿ ತಾನಾಗಿ ಹುಟ್ಟುವ ತಜಂಕ್ (ಚಗಟೆ ಸೊಪ್ಪು) ಉಂಟು. ಇವು ನಾವು ಬೆಳೆಸಬೇಕಾದದ್ದೇ ಅಲ್ಲ, ಗುರುತು ಹಿಡಿಯಲು ಕಲಿಸಿದರೆ ಆಯಿತು. ಈ ಕೆಲಸಕ್ಕೆ ಒಬ್ಬರು ಅಜ್ಜಿಯನ್ನು ಶಾಲೆಗೆ ಕರೆಸಿ, ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತಾರೆ. ಕೆಸುವಿನ ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕಿದರೆ ಗಂಟಲು ತುರಿಸುತ್ತದೆ ಅಂತ ಮಾತ್ರ ಮೊದಲೇ ಹೇಳಿಬಿಡಿ.

ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ತುಂಬ ಹೂವು, ಒಂದೂ ಕಾಯಿ ನಿಲ್ಲುವುದಿಲ್ಲ. ಯಾಕೆ?

ಮಳೆ. ಬಿಡದೆ ಸುರಿಯುವಾಗ ಜೇನುನೊಣ ಹೊರಗೆ ಬರುವುದಿಲ್ಲ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟದಿದ್ದರೆ ಎಳೆಕಾಯಿ ಹಳದಿಯಾಗಿ ಉದುರುತ್ತದೆ.

ಇದನ್ನು ಮಕ್ಕಳೇ ಮಾಡಬಹುದು, ನನ್ನ ಮಟ್ಟಿಗೆ ಶಾಲಾ ತೋಟದ ಅತಿ ಚಂದದ ಪಾಠ ಇದು. ಹೂವಿನ ಹಿಂದೆ ನೋಡಿ. ಗೋಲಿಯಷ್ಟು ಚಿಕ್ಕ ಕಾಯಿ ಇದ್ದರೆ ಹೆಣ್ಣು, ಬರೀ ಉದ್ದ ತೊಟ್ಟಿದ್ದರೆ ಗಂಡು. ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹರಿದು, ನಡುವಿನ ಹಳದಿ ಹುಡಿ ಇರುವ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲ ಉಜ್ಜಬೇಕು. ಚೀನಿಕಾಯಿ ಹೂವು ನಸುಕಿಗೆ ಅರಳಿ ಬೆಳಿಗ್ಗೆಯೇ ಮುದುಡುತ್ತದೆ, ಹಾಗಾಗಿ ಪ್ರಾರ್ಥನೆಯ ಬೆಲ್ ಹೊಡೆಯುವ ಮೊದಲೇ ಆಗಬೇಕು. ಹೀರೆ ಉಲ್ಟಾ, ಸಂಜೆಗೆ ಅರಳುವುದು, ಅದನ್ನು ಮನೆಗೆ ಹೋಗುವ ಹೊತ್ತಿಗೆ ನೋಡಿಕೊಳ್ಳಬಹುದು. ಹೂವು ಮುಟ್ಟಿಸಿದ ಕಾಯಿಗೆ ಒಂದು ನೂಲು ಕಟ್ಟಲಿ. ನಿಂತಿತೋ ಉದುರಿತೋ ಅಂತ ವಾರವಿಡೀ ಓಡಿ ಓಡಿ ನೋಡುತ್ತಾರೆ.

ದಸರಾ ನಂತರ ಏನು?

ಇದು ಸುಲಭದ ಹಂಗಾಮು. ಹರಿವೆ, ಬಸಳೆ, ಮೂಲಂಗಿ, ಬೆಂಡೆ, ಅಲಸಂಡೆ, ಸಾಂಬಾರು ಸೌತೆ, ಮೆಣಸು, ಗುಳ್ಳ (ಉರುಟು ಬದನೆ). ಹರಿವೆ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಮಕ್ಕಳ ತಾಳ್ಮೆಗೆ ತಕ್ಕ ಗಿಡ. ಅದರ ಬೀಜ ಸಾಸಿವೆಗಿಂತ ಸಣ್ಣದು, ಮಕ್ಕಳು ಒಂದೇ ಕಡೆ ಮುಷ್ಟಿಗಟ್ಟಲೆ ಸುರಿಯುತ್ತಾರೆ. ಮರಳಿನ ಜೊತೆ ಬೆರೆಸಿ ಕೊಡಿ. ಇರುವೆ ಬೀಜ ಹೊತ್ತೊಯ್ಯುವುದು ಜಾಸ್ತಿ ಇದ್ದರೆ ಸ್ವಲ್ಪ ಅಕ್ಕಿ ತರಿ ಸೇರಿಸಿ, ಅದು ತರಿಯನ್ನು ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ.

ಗುಳ್ಳದ ಸಸಿಯನ್ನು ಸೆಪ್ಟೆಂಬರಿನಲ್ಲೇ ಮಾಡಿಕೊಳ್ಳಬೇಕು. ಮಟ್ಟುಗುಳ್ಳದ ಬೀಜ ಹಾಕಬಹುದಾ ಅಂತ ಕೇಳುವವರು ಬಹಳ. ಹಾಕಿ, ಬೆಳೆಯುತ್ತದೆ. ಆದರೆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದೇ ಕಟಪಾಡಿ ಹತ್ತಿರದ ಆ ಮಟ್ಟುವಿನ ನೆಲದಲ್ಲಿ ಬೆಳೆದದ್ದಕ್ಕೆ. ಹೆಬ್ರಿಯ ಶಾಲೆಯಲ್ಲಿ ಬೆಳೆದು ಅದೇ ರುಚಿ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ.

ಬೇಡದ್ದು ಹೇಳುತ್ತೇನೆ: ಕ್ಯಾರೆಟ್, ಕ್ಯಾಬೇಜ್, ಹೂಕೋಸು. ಮಕ್ಕಳು ಚಿತ್ರದ ಪುಸ್ತಕ ನೋಡಿ ಇದನ್ನೇ ಕೇಳುತ್ತಾರೆ. ನಮ್ಮ ಸೆಖೆಗೆ ಅದು ಆಗುವುದಿಲ್ಲ. ಟೊಮೆಟೊ ಕೂಡ ಕಷ್ಟ. ಚೆನ್ನಾಗಿದ್ದ ಗಿಡ ಒಂದೇ ದಿನದಲ್ಲಿ ಹಸಿರಿದ್ದ ಹಾಗೇ ಬಾಡಿ ನಿಲ್ಲುತ್ತದೆ, ಅದು ಮಣ್ಣಿನಿಂದ ಬರುವ ಸೊರಗು ರೋಗ, ಔಷಧಿ ಇಲ್ಲ. ಹಟ ಇದ್ದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿ, ಸೊರಗು ರೋಗವೂ ಸೇರಿ ಮೂರು ರೋಗ ತಡೆದುಕೊಳ್ಳುವ ಹಾಗೆ ಮಾಡಿದ್ದು. ಆದರೆ ಅದು ಹೈಬ್ರಿಡ್, ಅದರ ಬೀಜ ಉಳಿಸಿ ಪ್ರಯೋಜನ ಇಲ್ಲ.

ಬೀಜ ಎಲ್ಲಿ ಸಿಗುತ್ತದೆ?

ಮಕ್ಕಳ ಮನೆಯಲ್ಲಿ. ನಿಜವಾಗಿ. ಅಲಸಂಡೆ, ಹೀರೆ, ಸಾಂಬಾರು ಸೌತೆ ಬೀಜ ಬೂದಿಯಲ್ಲಿ ಹೊರಳಿಸಿ ಇಟ್ಟ ಮನೆ ಪ್ರತಿ ಊರಲ್ಲೂ ಇನ್ನೂ ಎರಡು ಮೂರಾದರೂ ಇವೆ. ಸಾಲದಿದ್ದರೆ ಬ್ರಹ್ಮಾವರದ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ತೋಟಗಾರಿಕೆ ಇಲಾಖೆಯಲ್ಲೂ ಕೇಳಿ. ಅಂಗಡಿಯ ಪ್ಯಾಕೆಟ್ ತಂದರೆ ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಬಳಿದಿದೆಯಾ ನೋಡಿ. ಅದು ಔಷಧಿ ಸವರಿದ್ದು. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಗೊಬ್ಬರಕ್ಕೆ ಏನು? ಜೀವಾಮೃತ ಮಾಡಲೇಬೇಕಾ?

ಮಾಡಲೇಬೇಕು ಅಂತಿಲ್ಲ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ತರಗೆಲೆ ಗೊಬ್ಬರ, ಸ್ವಲ್ಪ ನೆಲಗಡಲೆ ಹಿಂಡಿ, ಇಷ್ಟರಲ್ಲಿ ಸುಲಭವಾಗಿ ತೋಟ ಆಗುತ್ತದೆ. ಶಾಲೆಯ ಅಂಗಳದಲ್ಲಿ ದಿನಾ ಗುಡಿಸುವ ಎಲೆಯನ್ನು ಸುಡುವುದನ್ನು ಬಿಟ್ಟು ಒಂದು ಮೂಲೆಯಲ್ಲಿ ಮಡಲು ನಿಲ್ಲಿಸಿ ಮಾಡಿದ ಗೂಡಿಗೆ ತುಂಬಿಸುತ್ತಾ ಬನ್ನಿ. ಒಂದು ಪದರ ಎಲೆ, ಮೇಲೆ ಸ್ವಲ್ಪ ಸೆಗಣಿ ನೀರು, ಬಿಸಿಯೂಟದ ತರಕಾರಿ ಸಿಪ್ಪೆ. ಅನ್ನ ಸಾಂಬಾರು ಹಾಕಬೇಡಿ, ಇಲಿ ಬರುತ್ತದೆ. ಮಳೆಗೆ ಮೇಲೆ ಮುಚ್ಚಿಗೆ ಬೇಕು, ಇಲ್ಲದಿದ್ದರೆ ಸಾರವೆಲ್ಲ ತೊಳೆದು ಹೋಗಿ ಉಳಿಯುವುದು ಬರೀ ನಾರು.

ಜೀವಾಮೃತ ಮಾಡುವುದಾದರೆ 200 ಲೀಟರ್ ಡ್ರಮ್ಮಿನ ಲೆಕ್ಕ ಶಾಲೆಗೆ ಬೇಡ. ಬಕೆಟ್ ಲೆಕ್ಕ ಹೀಗೆ: 10 ಲೀಟರ್ ನೀರು, ಅರ್ಧ ಕಿಲೋ ಸೆಗಣಿ, ಅರ್ಧ ಲೀಟರ್ ಗೋಮೂತ್ರ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಅಥವಾ ಹುರುಳಿ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ಬೆಳಿಗ್ಗೆ ಸಂಜೆ ಕೋಲಿನಲ್ಲಿ ತಿರುಗಿಸಿ, ಹತ್ತು ಪಾಲು ನೀರು ಸೇರಿಸಿ ಬುಡಕ್ಕೆ ಹಾಕುವುದು. 200 ಲೀಟರಿನದ್ದನ್ನು 10ಕ್ಕೆ ಇಳಿಸುವ ಲೆಕ್ಕವನ್ನು ಐದನೇ ಕ್ಲಾಸಿನವರೇ ಮಾಡಲಿ.

ಹಸಿ ಸೆಗಣಿ, ಜೀವಾಮೃತ ಎರಡನ್ನೂ ಸೊಪ್ಪಿನ ಎಲೆಗೆ, ಹಸಿಯಾಗಿ ತಿನ್ನುವ ಮುಳ್ಳುಸೌತೆಗೆ ತಾಗಿಸಬೇಡಿ. ಕೊಳಕಿನಿಂದ ಬರುವ ಹೊಟ್ಟೆ ಕಾಯಿಲೆ ಸಾವಯವ ಅಂತ ಬಿಡುವುದಿಲ್ಲ.

ಸಾವಯವವೇ ಆಗಬೇಕಾ? ಒಂದು ಸಲ ಸ್ವಲ್ಪ ಔಷಧಿ ಹೊಡೆದರೆ ಏನಾಗುತ್ತದೆ?

ಶಾಲೆಯಲ್ಲಿ ಆಗಬೇಕು. ಇದರಲ್ಲಿ ನನ್ನದು ಚೌಕಾಸಿ ಇಲ್ಲ. ಮಕ್ಕಳು ತೋಟದಲ್ಲಿ ಏನು ಕಂಡರೂ ಬಾಯಿಗೆ ಹಾಕುತ್ತಾರೆ, ಎಲೆ ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜುತ್ತಾರೆ. ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಕೊಕ್ಕಡ, ಪಟ್ರಮೆ ಕಡೆಯವರಿಗೆ ಈ ಪ್ರಶ್ನೆ ಕೇಳಿ ನೋಡಿ. ಅಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ದನ್ನು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ನಿಷೇಧಿಸುವವರೆಗೆ ನಡೆದ ಹೋರಾಟವನ್ನು ಯಾರೂ ಮರೆತಿಲ್ಲ. ಎರಡು ಕಿಲೋ ಬೆಂಡೆಗೋಸ್ಕರ ಶಾಲೆಗೆ ವಿಷದ ಬಾಟ್ಲಿ ತರುವುದು ಬೇಡ.

ಸರ್ಟಿಫಿಕೇಟ್ ಬೇಕಾ ಅಂತಲೂ ಕೇಳುತ್ತಾರೆ. ಮಾರುವುದಿಲ್ಲ ಅಂದ ಮೇಲೆ ಬೇಡ.

ಹಾಗಾದರೆ ಹುಳಕ್ಕೆ ಏನು ಮಾಡುವುದು?

ಎಲ್ಲ ಹುಳಕ್ಕೂ ಒಂದೇ ಮದ್ದು ಇಲ್ಲ. ನಮ್ಮಲ್ಲಿ ಜಾಸ್ತಿ ಕಾಡುವ ನಾಲ್ಕರ ಬಗ್ಗೆ ಹೇಳುತ್ತೇನೆ.

ಅಲಸಂಡೆಯ ತುದಿಗೆ ಕಪ್ಪು ಹೇನು. ಕೈಯಲ್ಲಿ ಉಜ್ಜಿ ತೆಗೆಯಿರಿ, ಜೋರಾಗಿ ನೀರು ಹಾಯಿಸಿ, ಬೆಳಗ್ಗಿನ ಇಬ್ಬನಿಗೆ ಬೂದಿ ಎರಚಿ. ಸಾಲದಿದ್ದರೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸಾಬೂನು ನೀರು, ಸಂಜೆ ಮಕ್ಕಳು ಹೋದ ಮೇಲೆ ಹೊಡೆಯಿರಿ. ಹೇನಿನ ನಡುವೆ ಚುಕ್ಕೆ ಇರುವ ಕೆಂಪು ದುಂಬಿ ಕಂಡರೆ ಏನೂ ಮಾಡಬೇಡಿ, ಅದು ಹೇನು ತಿನ್ನುತ್ತದೆ. ಆದರೆ ಸೌತೆ ಎಲೆಯನ್ನು ತೂತು ಮಾಡುವ, ಚುಕ್ಕೆ ಇಲ್ಲದ ಕಿತ್ತಳೆ ಬಣ್ಣದ ಉದ್ದ ದುಂಬಿ ಬೇರೆ, ಅದನ್ನು ಬೆಳಿಗ್ಗೆ ಚಳಿಗೆ ಮಂಕಾಗಿರುವಾಗ ಹಿಡಿದು ಸಾಬೂನು ನೀರಿಗೆ ಹಾಕಬೇಕು.

ಹಾಗಲ, ಹೀರೆ, ಮುಳ್ಳುಸೌತೆಗೆ ಹಣ್ಣುನೊಣ. ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಹೊರಗೆ ಚಂದ ಕಂಡರೂ ಒಳಗೆ ಬರೀ ಹುಳ. ಇದಕ್ಕೆ ಕಾಗದದ ಅಂಗಿ ಹಾಕುವುದೇ ಸರಿ. ಹೂವು ಬಾಡಿ ಕಾಯಿ ಬೆರಳುದ್ದ ಆದ ಕೂಡಲೇ ಹಳೆ ಪೇಪರನ್ನು ಕೊಳವೆ ಸುತ್ತಿ ತೊಟ್ಟಿಗೆ ಬಾಳೆ ನಾರಿನಲ್ಲಿ ಕಟ್ಟುವುದು. ಮಳೆ ಜೋರಿದ್ದರೆ ಪೇಪರ್ ನಿಲ್ಲದು, ತೂತು ಮಾಡಿದ ತೊಟ್ಟೆ ಬೇಕು. ಹುಳ ಬಿದ್ದ ಕಾಯಿಯನ್ನು ಬುಡದಲ್ಲೇ ಎಸೆದರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ, ಬಕೆಟ್ ನೀರಲ್ಲಿ ಮುಳುಗಿಸಿಡಿ.

ಬೆಂಡೆಯ ಎಲೆಯ ನರ ಹಳದಿ ಬಲೆಯ ಹಾಗೆ ಕಂಡರೆ ಅದು ಬಿಳಿನೊಣ ಹರಡುವ ವೈರಸ್. ಗುಣವಾಗುವುದಿಲ್ಲ, ಗಿಡ ಕಿತ್ತುಬಿಡಿ. ಮಕ್ಕಳಿಗೆ ಬೇಸರ ಆಗುತ್ತದೆ, ಆದರೂ ಕಿತ್ತುಬಿಡಿ. ಅರ್ಕಾ ಅನಾಮಿಕ ತಳಿಗೆ ಈ ಬಾಧೆ ಕಡಿಮೆ.

ನಾಲ್ಕನೆಯದು ಬಸವನಹುಳು, ಅದರಲ್ಲೂ ದೊಡ್ಡ ಆಫ್ರಿಕನ್ ಜಾತಿಯದು. ಮಳೆಗಾಲದಲ್ಲಿ ಒಂದೇ ರಾತ್ರಿಗೆ ಇಡೀ ಸಾಲು ಸಸಿ ತಿಂದು ಮುಗಿಸುತ್ತದೆ. ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಅದರ ಲೋಳೆಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳ ಇರಬಹುದು. ಹಸಿ ಗೋಣಿಚೀಲದ ಅಡಿ ಪಪ್ಪಾಯಿ ಎಲೆಯೋ ಕ್ಯಾಬೇಜ್ ಸಿಪ್ಪೆಯೋ ಇಟ್ಟರೆ ಬೆಳಿಗ್ಗೆ ಎಲ್ಲ ಅಲ್ಲೇ ಸೇರಿರುತ್ತವೆ. ದೊಡ್ಡವರು ಇಕ್ಕುಳದಲ್ಲಿ ಹೆಕ್ಕಿ ಉಪ್ಪುನೀರಿಗೆ ಹಾಕಲಿ. ಮಡಿಯ ಮೇಲೆ ಉಪ್ಪು ಎರಚಬೇಡಿ, ಗಿಡವೂ ಸಾಯುತ್ತದೆ.

ನವಿಲು, ಮಂಗ, ದನ?

ದನಕ್ಕೆ ಬೇಲಿ. ನವಿಲಿಗೆ ಮೊಳಕೆ ಏಳುವ ಎರಡು ವಾರ ಮೇಲೆ ಬಲೆ, ಗಿಡ ಎತ್ತರವಾದ ಮೇಲೆ ಅಷ್ಟು ಉಪದ್ರ ಇಲ್ಲ. ಮಂಗನಿಗೆ ಮದ್ದಿಲ್ಲ ಮಾರಾಯ್ರೆ. ಮಂಗ ಬರುವ ಕಡೆ ಹಾಗಲ, ಕೆಸು, ಅರಶಿನ, ಶುಂಠಿ, ಸುವರ್ಣಗೆಡ್ಡೆ ಹಾಕಿ ನೆಮ್ಮದಿಯಾಗಿರಿ.

ಎಷ್ಟನೇ ಕ್ಲಾಸಿನವರು ಯಾವ ಕೆಲಸ ಮಾಡಬಹುದು?

ಒಂದು ಎರಡನೇ ಕ್ಲಾಸಿನವರಿಗೆ ಬೀಜ ಹಾಕುವುದು, ಸಣ್ಣ ಚೊಂಬಿನಲ್ಲಿ ನೀರು, ಕೊಯ್ಯುವುದು. ಮೂರು ನಾಲ್ಕಕ್ಕೆ ಕಳೆ ಕೀಳುವುದು, ಸಸಿ ನೆಡುವುದು, ತರಗೆಲೆ ಮುಚ್ಚುವುದು. ಐದನೆಯವರು ಚಪ್ಪರ ಕಟ್ಟಲು ಸಹಾಯ, ಲೆಕ್ಕ ಬರೆಯುವುದು. ಹಾರೆ, ಪಿಕ್ಕಾಸು, ಕತ್ತಿ ದೊಡ್ಡವರದ್ದು. ಮಕ್ಕಳಿಗೆ ಚಿಕ್ಕ ಸಲಿಕೆ ಸಾಕು.

ಒಂದು ಸಲಕ್ಕೆ ಹತ್ತು ಮಕ್ಕಳಿಗಿಂತ ಜಾಸ್ತಿ ಬೇಡ, ಅರ್ಧ ಗಂಟೆ ಮೀರುವುದೂ ಬೇಡ. ಉಳಿದವರಿಗೆ ಕ್ಲಾಸಿನಲ್ಲಿ ಚಿತ್ರ, ಬರಹ. ನಲವತ್ತು ಮಕ್ಕಳನ್ನು ಒಟ್ಟಿಗೆ ಮಡಿಗೆ ಬಿಟ್ಟರೆ ಕಳೆಯೂ ಹೋಗುತ್ತದೆ, ಬೆಂಡೆಯೂ ಹೋಗುತ್ತದೆ.

ಇನ್ನೊಂದು ಗಟ್ಟಿ ಮಾತು. ತಡವಾಗಿ ಬಂದವನಿಗೆ, ಹೋಮ್‌ವರ್ಕ್ ಮಾಡದವನಿಗೆ ಶಿಕ್ಷೆಯಾಗಿ ಕಳೆ ಕೀಳಿಸಬೇಡಿ. ಒಂದು ಸಲ ಹಾಗೆ ಮಾಡಿದರೆ ತೋಟ ಅಂದರೆ ಶಿಕ್ಷೆ ಅಂತ ಇಡೀ ಶಾಲೆಗೆ ಗೊತ್ತಾಗುತ್ತದೆ.

"ಮಗುವನ್ನು ಶಾಲೆಗೆ ಕಳಿಸಿದ್ದು ಮಣ್ಣು ಹೊರಲಿಕ್ಕಾ?" ಅಂತ ಪೋಷಕರು ಜಗಳಕ್ಕೆ ಬರುತ್ತಾರೆ.

ಬರುತ್ತಾರೆ, ಅವರು ಕೇಳುವುದು ಪೂರ್ತಿ ತಪ್ಪೂ ಅಲ್ಲ. ಗದ್ದೆ ತೋಟದ ಕೂಲಿಯಲ್ಲೇ ಬೆನ್ನು ಬಾಗಿದವರಿಗೆ ತಮ್ಮ ಮಗು ಮತ್ತೆ ಹಾರೆ ಹಿಡಿಯುವುದು ಕಂಡರೆ ಹೊಟ್ಟೆ ಉರಿಯುತ್ತದೆ. ಜೂನ್‌ನ ಮೊದಲ ಸಭೆಯಲ್ಲೇ ಎದುರು ಕೂತು ಹೇಳಿ: ವಾರಕ್ಕೆ ಒಂದು ಪಿರಿಯಡ್, ಭಾರದ ಕೆಲಸ ಇಲ್ಲ, ಎಲ್ಲ ಮಕ್ಕಳೂ ಮಾಡುತ್ತಾರೆ, ಇದರಿಂದ ಈ ಈ ಪಾಠ. ಗಂಡು ಮಕ್ಕಳು ಚಪ್ಪರ, ಹೆಣ್ಣು ಮಕ್ಕಳು ಗುಡಿಸುವುದು ಅನ್ನುವ ಪಾಲೂ ಬೇಡ.

ಪಾಠ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಡಿಯ ಸುತ್ತಳತೆ, ಇಪ್ಪತ್ತು ಬೀಜದಲ್ಲಿ ಎಷ್ಟು ಮೊಳೆಯಿತು, ಬಳ್ಳಿ ವಾರಕ್ಕೆ ಎಷ್ಟು ಗೇಣು ಹೋಯಿತು, ಎಲ್ಲ ಗಣಿತವೇ. ಹೂವು, ಬೇರು, ಹುಳ ಪರಿಸರ ಅಧ್ಯಯನ. ಒಂದು ದಪ್ಪ ನೋಟ್‌ಬುಕ್ ಇಟ್ಟು ದಿನಕ್ಕೊಂದು ಮಗು ಎರಡು ಸಾಲು ಬರೆಯಲಿ, ತುಳು, ಕೊಂಕಣಿ, ಬ್ಯಾರಿ ಹೆಸರುಗಳೂ ಅದರಲ್ಲಿ ಬರಲಿ.

ಹಾವು, ಇಲಿಜ್ವರ, ಡೆಂಗಿ ಇವುಗಳ ಭಯ ಇಲ್ವಾ?

ಇದೆ, ಜಾಗ್ರತೆ ಬೇಕು. ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಯಲ್ಲಿ ಇಲಿಜ್ವರ ಕಾಣಿಸುತ್ತದೆ. ಇಲಿಯ ಮೂತ್ರ ಸೇರಿದ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿ ಬರುವಂಥದ್ದು. ಗಾಯ ಇರುವ ಮಗು ಅವತ್ತು ತೋಟಕ್ಕೆ ಬೇಡ, ಬರಿಗಾಲು ಯಾರಿಗೂ ಬೇಡ, ಮಡಿಗಳ ನಡುವೆ ನೀರು ನಿಲ್ಲದ ಹಾಗೆ ಕಣಿ ತೋಡಿ. ಗೆರಟೆ, ಅಡಿಕೆ ಹಾಳೆ, ಬಕೆಟ್ ಯಾವುದನ್ನೂ ಮಳೆಗೆ ಬಾಯಿ ತೆರೆದು ಇಡಬೇಡಿ, ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ತರಗೆಲೆ ರಾಶಿಗೆ ಮಕ್ಕಳು ಕೈ ಹಾಕುವ ಮೊದಲು ದೊಡ್ಡವರು ಉದ್ದ ಕೋಲಿನಿಂದ ಕೆದಕಿ ನೋಡಬೇಕು. ತೋಟದಿಂದ ಬಂದ ಕೂಡಲೇ ಸಾಬೂನಿನಲ್ಲಿ ಕೈತೊಳೆಯುವುದು, ಊಟಕ್ಕೆ ಮೊದಲು ಮತ್ತೊಮ್ಮೆ.

ಬೆಳೆದ ತರಕಾರಿ ಬಿಸಿಯೂಟಕ್ಕೆ ಸಾಕಾಗುತ್ತದಾ?

ಸಾಕಾಗುವುದಿಲ್ಲ. ಲೆಕ್ಕ ನೋಡಿ. ಬಿಸಿಯೂಟದ ನಿಯಮದಲ್ಲಿ ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟಕ್ಕೆ 75 ಗ್ರಾಂ. ನೂರು ಪುಟ್ಟ ಮಕ್ಕಳಿದ್ದರೆ ದಿನಕ್ಕೆ ಐದು ಕಿಲೋ ಆಯಿತು. ಅರ್ಧ ಸೆಂಟ್ಸಿನಲ್ಲಿ ದಿನಾ ಐದು ಕಿಲೋ ಬರುವುದು ಕನಸು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟದ ಮಾರ್ಗಸೂಚಿ ಕೊಟ್ಟಾಗಲೂ ಅಂಗಡಿ ತರಕಾರಿ ಪೂರ್ತಿ ನಿಲ್ಲಿಸಿ ಅಂತ ಹೇಳಿದ್ದಲ್ಲ.

ವಾರಕ್ಕೆ ಒಂದು ದಿನ "ನಮ್ಮ ತೋಟದ ಸಾಂಬಾರು" ಮಾಡಿ. ಹಿಂದಿನ ದಿನವೇ ಅಡುಗೆಯ ಅಕ್ಕನಿಗೆ ಹೇಳಿಡಬೇಕು, ಅವರನ್ನು ಕೇಳದೆ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಬುಟ್ಟಿ ಹರಿವೆ ತಂದಿಟ್ಟು ಕತ್ತರಿಸಿ ಅಂದರೆ ಯಾರಿಗೂ ಸಿಟ್ಟು ಬರುತ್ತದೆ. ಉಳಿದ ದಿನ ನುಗ್ಗೆ ಸೊಪ್ಪು, ಕರಿಬೇವು ಹಿತ್ತಿಲಿನಿಂದಲೇ. ಒಂದು ನುಗ್ಗೆ ಮರ, ನಾಲ್ಕು ಬಸಳೆ ಬುಡ, ಎರಡು ಪಪ್ಪಾಯಿ, ಇವು ಸದ್ದಿಲ್ಲದೆ ವರ್ಷವಿಡೀ ಕೊಡುತ್ತವೆ. ಮನೆಯಲ್ಲಿ ಬೆಂಡೆ ಮುಟ್ಟದ ಮಗು ತಾನು ಕೊಯ್ದದ್ದು ಅಂತ ಬಟ್ಟಲಿನಲ್ಲಿ ಹುಡುಕಿ ತಿನ್ನುವುದು ಉಂಟು, ಎಲ್ಲರೂ ಅಲ್ಲ, ಆದರೂ ಸುಮಾರು ಜನ.

ಬೇಸಿಗೆಯಲ್ಲಿ ನೀರು ಯಾರು ಹಾಕುವುದು?

ಯಾರೂ ಹಾಕುವುದಿಲ್ಲ, ಅದನ್ನು ಒಪ್ಪಿಕೊಂಡೇ ಯೋಜನೆ ಮಾಡಿ. ಒಂದು ಮಡಿಗೆ ಫೆಬ್ರವರಿಯಲ್ಲಿ ದಿನಕ್ಕೆ 10–15 ಲೀಟರ್ ಬೇಕು. ಎಷ್ಟೋ ಶಾಲೆಗಳ ಬಾವಿಯಲ್ಲಿ ಮಾರ್ಚ್ ಕೊನೆಗೆ ಕುಡಿಯಲಿಕ್ಕೇ ನೀರು ಕಷ್ಟ. ಮಾರ್ಚಿನಲ್ಲಿ ಕೊನೆಯ ಕೊಯ್ಲು ಮಾಡಿ ಮಡಿಗೆ ಗೇಣುದ್ದ ತರಗೆಲೆ, ಸೋಗೆ ಮುಚ್ಚಿ ಬಿಟ್ಟುಬಿಡಿ. ಮೇ ತಿಂಗಳಲ್ಲಿ ತೆಗೆದು ನೋಡಿದರೆ ಅಡಿಯ ಮಣ್ಣು ಹುಡಿಯಾಗಿರುತ್ತದೆ. ಬಾಳೆ, ಬಸಳೆಯನ್ನು ಮಕ್ಕಳು ಬಟ್ಟಲು ತೊಳೆಯುವ ನೀರು ಹರಿಯುವಲ್ಲಿ ನೆಟ್ಟರೆ ಶಾಲೆ ಇರುವಷ್ಟು ದಿನ ಅವಕ್ಕೆ ಬೇರೆ ನೀರೇ ಬೇಡ.

ಖರ್ಚಿಗೆ ಹಣ?

ದೊಡ್ಡ ಖರ್ಚು ಬೇಲಿ ಒಂದೇ. ಅದಕ್ಕೆ ಗ್ರಾಮ ಪಂಚಾಯತ್‌ನಲ್ಲಿ, ಹಳೆ ವಿದ್ಯಾರ್ಥಿ ಸಂಘದಲ್ಲಿ ಕೇಳಿ. ಗೊಬ್ಬರ, ಸಲಾಕೆ, ಬೀಜ ಹಣ ಕೊಡದೆ ಬರುತ್ತದೆ, ಬಾಯಿ ಬಿಟ್ಟು ಕೇಳಬೇಕಷ್ಟೆ. ಗ್ರೋ ಬ್ಯಾಗು, ತೆಂಗಿನ ನಾರಿನ ಇಟ್ಟಿಗೆ, ಬಾಟ್ಲಿಯಲ್ಲಿ ಬರುವ ಟಾನಿಕ್ ಇದಕ್ಕೆಲ್ಲ ಹಣ ಹಾಕಬೇಡಿ.

ನಮ್ಮದು ಮಂಗಳೂರು ಪೇಟೆಯ ಶಾಲೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದ್ದಾರೆ.

ಕಾಂಪೌಂಡ್ ಬದಿ ಸಿಮೆಂಟ್ ಚೀಲ ಸಾಲಾಗಿ ಇಡಿ, ತೊಳೆದದ್ದು. ಬೆಂಡೆ, ಹರಿವೆ, ಮೆಣಸು, ಬಸಳೆ ಚೀಲದಲ್ಲೂ ಬರುತ್ತದೆ. ಅಡಿಯಲ್ಲಿ ತೂತು ಇರಲಿ, ಚೀಲವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಡಿ. ಟೆರೇಸ್ ಬೇಡ, ಪುಟ್ಟ ಮಕ್ಕಳನ್ನು ಮೇಲೆ ಹತ್ತಿಸಿ ಕಾಯುವುದೇ ಒಂದು ಕೆಲಸ.

ತೋಟ ನೋಡಿಕೊಳ್ಳುವ ಟೀಚರ್‌ಗೆ ವರ್ಗಾವಣೆ ಆದರೆ?

ಹೆಚ್ಚಿನ ಶಾಲಾ ತೋಟ ಮುಗಿಯುವುದು ಹೀಗೇ. ಮೊದಲಿಂದಲೇ ಊರಿನವರು ಇಬ್ಬರು ಜೊತೆಗಿರಲಿ, ಒಬ್ಬರು ಶಾಲೆಯ ಹತ್ತಿರವೇ ಮನೆ ಇರುವವರು. ಬೀಜದ ಡಬ್ಬಿ, ತೋಟದ ನೋಟ್‌ಬುಕ್ ಟೀಚರ್ ಬ್ಯಾಗಿನಲ್ಲಲ್ಲ, ಆಫೀಸಿನ ಕಪಾಟಿನಲ್ಲಿರಬೇಕು. ಯಾವ ಮಡಿಗೆ ಯಾವಾಗ ಏನು ಹಾಕಿದ್ದು ಅಂತ ಬರೆದಿದ್ದರೆ ಹೊಸಬರು ಮೊದಲಿಂದ ಶುರು ಮಾಡಬೇಕಾಗಿಲ್ಲ.

ರಾತ್ರಿ ಯಾರೋ ಬಂದು ಕೊಯ್ದುಕೊಂಡು ಹೋಗುತ್ತಾರೆ.

ಹೋಗುತ್ತಾರೆ. ರಸ್ತೆ ಬದಿಗೆ ಚೀನಿಕಾಯಿ, ಬಾಳೆ ಹಾಕಬೇಡಿ, ಅದು ಕರೆದ ಹಾಗೆ. ಆ ಬದಿಗೆ ನುಗ್ಗೆ, ಬಸಳೆ, ಕರಿಬೇವು ಇರಲಿ. ಯಾರಾದರೂ ಎರಡು ಹಿಡಿ ಸೊಪ್ಪು ಮುರಿದುಕೊಂಡು ಹೋದರೆ ವಾರದಲ್ಲಿ ಮತ್ತೆ ಚಿಗುರುತ್ತದೆ. ಸಾಂಬಾರು ಸೌತೆ, ಚೀನಿಕಾಯಿಯನ್ನು ಅಡುಗೆ ಕೋಣೆಯ ಹಿಂದೆ ಹಬ್ಬಿಸಿ, ಬಲಿತ ಮೇಲೆ ಬಳ್ಳಿಯಲ್ಲಿ ಬಿಡದೆ ಕೊಯ್ದು ಕ್ಲಾಸಿನ ಮಾಡಿಗೆ ಬಾಳೆ ನಾರಿನಲ್ಲಿ ನೇತುಹಾಕಿ. ಸೌತೆ ಹಾಗೆಯೇ ತಿಂಗಳುಗಟ್ಟಲೆ ಇರುತ್ತದೆ.